ತಾಯಿಬೇರಿನ ಪಾಠ: ಮಾಲೀಕನಿಲ್ಲದ ದುಡ್ಡು ತನ್ನ ನಿಯಮ ಬದಲಿಸಿಕೊಂಡ ಕಥೆ

ಇವತ್ತಿನ ಎಪಿಸೋಡನ್ನು ನಾನು ರೂಮಿನಲ್ಲಿ ಕೂತು ರೆಕಾರ್ಡ್ ಮಾಡ್ತಿಲ್ಲ. ನಮ್ಮೂರು ನಲ್ಲೂರಿನ ಹುಣಸೆ ತೋಪಿನ ಅಂಚಿಗೆ ಬಂದು ಕೂತಿದ್ದೀನಿ. ಮಧ್ಯೆ ಮಧ್ಯೆ ವಿಮಾನದ ಸದ್ದು ಬಂದ್ರೆ ಸ್ವಲ್ಪ ಸಹಿಸ್ಕೊಳ್ಳಿ. ಏರ್‌ಪೋರ್ಟ್ ಪಕ್ಕದ ನಮಗೆ ಅದು ಕಿವಿಗೇ ಬೀಳಲ್ಲ.

ಈ ತೋಪು ಗೊತ್ತಿಲ್ಲದವರಿಗೆ ಎರಡು ಮಾತು. ದೇವನಹಳ್ಳಿ ತಾಲೂಕಿನಲ್ಲಿದೆ. 54 ಎಕರೆ ಜಾಗ, ಸುಮಾರು 300 ಹುಣಸೆ ಮರ, ನಡುವೆ ಪಾಳುಬಿದ್ದ ಚೆನ್ನಕೇಶವನ ಗುಡಿ. ಚೋಳರ ಕಾಲದ ತೋಪು ಅಂತ ಊರಿನ ಹಿರಿಯರು ಹೇಳ್ತಾರೆ. 2007ರಲ್ಲಿ ಇದನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ರು. ಇಡೀ ದೇಶದಲ್ಲಿ ಆ ಪಟ್ಟ ಸಿಕ್ಕ ಮೊದಲನೇ ಜಾಗ ನಮ್ಮೂರಿನದು.

ಕ್ರಿಪ್ಟೋ ಇತಿಹಾಸದ ಎಪಿಸೋಡ್ ಅಂತ ಹೇಳಿ ಹುಣಸೆ ಮರದ ಕೆಳಗೆ ಯಾಕೆ ಕೂರಿಸಿದ ಅಂತ ಕೇಳ್ತೀರಾ? ಎರಡು ಕಾರಣ ಇದೆ. ಒಂದು, ಇವತ್ತು ಹೇಳೋ ಬಿಟ್‌ಕಾಯಿನ್ ಬದಲಾವಣೆಯ ಹೆಸರು ಟ್ಯಾಪ್‌ರೂಟ್. ನಮ್ಮ ಭಾಷೆಯಲ್ಲಿ ತಾಯಿಬೇರು. ಇನ್ನೊಂದು ಕಾರಣ, ನಮ್ಮ ಚಿಕ್ಕಪ್ಪ.

2022ರ ಶುರುವಿನಲ್ಲಿ ಚಿಕ್ಕಪ್ಪ ದೇವನಹಳ್ಳಿ ಕಡೆಯ ಒಂದು ಹಾಲ್‌ನಲ್ಲಿ ‘ವರ್ಕ್‌ಶಾಪ್’ ಇದೆ ಅಂತ ಹೋದ್ರು. ಪ್ರೊಜೆಕ್ಟರ್ ಇತ್ತು, ಕೋಟು ಹಾಕಿದ ಇಬ್ಬರಿದ್ರು, ಮಧ್ಯಾಹ್ನ ಊಟ ಇತ್ತು. ಯಾವುದೋ ಹೊಸ ಕಾಯಿನ್, ಅದಕ್ಕೆ ಸದ್ಯದಲ್ಲೇ ಅಪ್‌ಗ್ರೇಡ್ ಆಗುತ್ತೆ, ಆದ ತಕ್ಷಣ ಹತ್ತು ಪಟ್ಟು. ದ್ರಾಕ್ಷಿ ಮಾರಿದ ದುಡ್ಡು ಕೈಯಲ್ಲಿತ್ತು. ಒಂದೂವರೆ ಲಕ್ಷ ಹಾಕಿದ್ರು. ನಾಲ್ಕು ತಿಂಗಳಾದ ಮೇಲೆ ಆ್ಯಪ್ ತೆರೆಯೋದೇ ನಿಂತುಹೋಯ್ತು. ಬಿ.ಕಾಂ. ಓದಿದ ಮನೆ ಮಗ ನಾನು, ನನ್ನನ್ನ ಒಂದು ಮಾತು ಕೇಳಿರಲಿಲ್ಲ. ಕೇಳಿದ್ರೂ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ ಬಿಡಿ. ಆಮೇಲೆ ಅವರು ಹೇಳಿದ ಒಂದು ಮಾತು ಮಾತ್ರ ತಲೆಯಿಂದ ಹೋಗ್ಲಿಲ್ಲ.

“ಅಲ್ಲ ಕಣೋ ಮಗ, ಕಳ್ಳರಾಗಿದ್ರೆ ಕೂರಿಸಿ ಪಾಠ ಹೇಳ್ಕೊಡ್ತಿದ್ರಾ?”

ಈ ಪ್ರಶ್ನೆ ಹಿಡ್ಕೊಂಡು ನಾನು ಹುಡುಕ್ತಾ ಹೋದೆ. ಒಂದು ಕಾಯಿನ್‌ನ ನಿಯಮ ನಿಜವಾಗ್ಲೂ ಬದಲಾಗುವಾಗ ಪಾಠ ಹೇಳ್ಕೊಡ್ತಾರಾ? ಯಾರು ಹೇಳ್ಕೊಡ್ತಾರೆ? ಯಾರಿಗೆ? ಹೇಳ್ಕೊಡ್ತಾರೆ, ಅದು ನಿಜ. ಆದ್ರೆ ಆ ಪಾಠಕ್ಕೂ ಚಿಕ್ಕಪ್ಪ ಕೂತಿದ್ದ ಪಾಠಕ್ಕೂ ಇರೋ ವ್ಯತ್ಯಾಸ ಏನು ಅಂತ ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಿಮ್ಮ ಫೋನಿನ ಯುಪಿಐ ಆ್ಯಪ್ ಅಪ್‌ಡೇಟ್ ಕೇಳಿದ್ರೆ ನೀವೇನು ಮಾಡ್ತೀರ? ಒತ್ತುತ್ತೀರ, ಮುಗೀತು. ಮೇಲೆ ಒಂದು ಸಂಸ್ಥೆ ಇದೆ, ಅದು ನಿಯಮ ಮಾಡುತ್ತೆ, ಬ್ಯಾಂಕುಗಳು ಪಾಲಿಸುತ್ತವೆ. ಬಿಟ್‌ಕಾಯಿನ್‌ಗೆ ಮೇಲೆ ಅಂತ ಯಾರೂ ಇಲ್ಲ. 2008ರ ಅಕ್ಟೋಬರ್ 31ಕ್ಕೆ ಸತೋಶಿ ನಕಮೊಟೊ ಅನ್ನೋ ಹೆಸರಿನಲ್ಲಿ ಅದರ ಪ್ರಬಂಧ ಬಂತು, 2009ರ ಜನವರಿ 3ಕ್ಕೆ ಮೊದಲ ಬ್ಲಾಕ್. ಸ್ವಲ್ಪ ದಿನಕ್ಕೆ ಆ ಹೆಸರಿನ ವ್ಯಕ್ತಿಯೂ ಮಾಯ. ಉಳಿದದ್ದು ಪ್ರಪಂಚದ ತುಂಬ ಹರಡಿರೋ ಕಂಪ್ಯೂಟರ್‌ಗಳು. ಅವನ್ನ ನೋಡ್ ಅಂತಾರೆ. ಪ್ರತಿಯೊಂದು ನೋಡ್ ಕೂಡ ಪ್ರತಿಯೊಂದು ವ್ಯವಹಾರವನ್ನು ತಾನೇ ತಾಳೆ ನೋಡುತ್ತೆ. ನಿಯಮ ಮೀರಿದ್ದನ್ನು ಒಪ್ಪೋದಿಲ್ಲ.

ಗಲ್ಲಿ ಕ್ರಿಕೆಟ್ ನೆನಪು ಮಾಡ್ಕೊಳ್ಳಿ. ಅಂಪೈರ್ ಇರೋದಿಲ್ಲ, ಇರೋದು ಒಪ್ಪಂದ ಮಾತ್ರ. “ಕಾಂಪೌಂಡ್ ಆಚೆ ಬಿದ್ರೆ ಔಟ್” ಅಂತ ಒಂದು ನಿಯಮ ಸೇರಿಸಿದ್ರೆ ಆಟ ಬಿಗಿ ಆಗುತ್ತೆ, ಆದ್ರೆ ಹೊಸ ನಿಯಮ ಗೊತ್ತಿಲ್ಲದವನಿಗೂ ನಡೀತಿರೋದು ಕ್ರಿಕೆಟ್ಟೇ ಅನ್ನಿಸುತ್ತೆ. ಇದು ಸಾಫ್ಟ್ ಫೋರ್ಕ್. “ಇನ್ಮೇಲೆ ಓವರಿಗೆ ಎಂಟು ಬಾಲ್” ಅಂದ್ರೆ? ಒಪ್ಪದವನು ಏಳನೇ ಬಾಲನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅಲ್ಲಿಗೆ ಒಂದೇ ಬೀದಿಯಲ್ಲಿ ಎರಡು ಆಟ. ಇದು ಹಾರ್ಡ್ ಫೋರ್ಕ್.

ಬಿಟ್‌ಕಾಯಿನ್‌ನಲ್ಲಿ ಇಂಥ ಜಗಳ ನಿಜವಾಗ್ಲೂ ಆಯ್ತು. ಒಂದು ಬ್ಲಾಕ್ ಅಂದ್ರೆ ಲೆಡ್ಜರಿನ ಒಂದು ಪುಟ ಇದ್ದ ಹಾಗೆ. ಅದರ ಗಾತ್ರಕ್ಕೆ 1 ಎಂಬಿ ಮಿತಿ. ಜನ ಜಾಸ್ತಿ ಆದ್ರು, ಪುಟ ತುಂಬ್ತಾ ಬಂತು. ಪುಟ ದೊಡ್ಡದು ಮಾಡಿ ಅಂತ ಒಂದು ಗುಂಪು. ಬೇಡ, ಪುಟದಲ್ಲಿ ಬರೆಯೋ ಕ್ರಮ ಬದಲಿಸೋಣ ಅಂತ ಇನ್ನೊಂದು ಗುಂಪು. ಎರಡನೆಯವರು 2015ರ ಕೊನೆಗೆ ಮುಂದಿಟ್ಟ ಸಾಫ್ಟ್ ಫೋರ್ಕ್ ಹೆಸರು ಸೆಗ್‌ವಿಟ್. ಕೋಡ್ 2016ರ ಅಕ್ಟೋಬರಿನಲ್ಲಿ ಬಿಡುಗಡೆ ಆಯ್ತು. ಮೈನರ್‌ಗಳು, ಅಂದ್ರೆ ಆ ಪುಟಗಳನ್ನು ಕಟ್ಟೋರು, ಶೇ. 95ರಷ್ಟು ಸಿದ್ಧ ಅಂತ ಸೂಚನೆ ಕೊಟ್ರೆ ಮಾತ್ರ ಅದು ಜಾರಿ. ತಿಂಗಳುಗಟ್ಟಲೆ ಎಳೆದಾಟ ನಡೀತು. 2017ರ ಆಗಸ್ಟ್ 1ಕ್ಕೆ ಒಂದು ಗುಂಪು ಬೇರೆ ಆಗಿ ಬಿಟ್‌ಕಾಯಿನ್ ಕ್ಯಾಶ್ ಅಂತ ಬೇರೆ ಕಾಯಿನ್ನೇ ಮಾಡ್ಕೊಳ್ತು. ಅದೇ ತಿಂಗಳು 24ಕ್ಕೆ ಸೆಗ್‌ವಿಟ್ ಜಾರಿಗೆ ಬಂತು.

ಗೆದ್ರಲ್ಲ, ಆಯ್ತಲ್ಲ ಅಂತೀರಾ? ಆಗಲಿಲ್ಲ. ನಿಯಮ ಬಂತು, ಬಳಸೋರು ಬರಲಿಲ್ಲ. ದೊಡ್ಡ ಎಕ್ಸ್‌ಚೇಂಜ್ ಕಾಯಿನ್‌ಬೇಸ್ ತನ್ನ ಗ್ರಾಹಕರಿಗೆ ಸೆಗ್‌ವಿಟ್ ಕೊಟ್ಟಿದ್ದು 2018ರ ಫೆಬ್ರವರಿಯಲ್ಲಿ. ಎಷ್ಟೋ ಕಂಪನಿಗಳಿಗೆ ಇದನ್ನ ತಮ್ಮ ಸಾಫ್ಟ್‌ವೇರಿಗೆ ಸೇರಿಸೋದು ಹೇಗೆ ಅಂತಲೇ ಚಿಂತೆ. ಜಿ.ಎಸ್.ಟಿ. ಬಂದ ಹೊಸದರಲ್ಲಿ ನಮ್ಮ ಅಂಗಡಿಯವರ ಪಾಡು ನೋಡಿದ್ದೀರಲ್ಲ? ನಾನು ಆಗ ಕಾಲೇಜಿನಲ್ಲಿದ್ದೆ, ಊರಿನ ಅರ್ಧ ಅಂಗಡಿಯವರು ನನ್ನ ಹತ್ರ ಬಿಲ್ ಹಿಡ್ಕೊಂಡು ಬರ್ತಿದ್ರು. ನಿಯಮ ಬರೆಯೋದು ಒಂದು ಕೆಲಸ, ಅದು ಕೌಂಟರ್‌ವರೆಗೂ ತಲುಪೋದು ಇನ್ನೊಂದು ಕೆಲಸ.

ಈ ಎರಡನೇ ಕೆಲಸಕ್ಕೆ ಅಂತಲೇ 2018ರಲ್ಲಿ ಬಿಟ್‌ಕಾಯಿನ್ ಆಪ್‌ಟೆಕ್ ಅನ್ನೋ ಗುಂಪು ಹುಟ್ಟಿತು. ಕಾಯಿನ್ ಮಾರೋದು ಅದರ ಕೆಲಸ ಅಲ್ಲ. ಕಂಪನಿಗಳ ಇಂಜಿನಿಯರ್‌ಗಳಿಗೆ ವಾರ ವಾರ ಸುದ್ದಿಪತ್ರ ಬರೆಯೋದು, ಕೂರಿಸಿ ಕಲಿಸೋದು. ಮೊದಲ ವರ್ಕ್‌ಶಾಪ್ 2018ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಎರಡನೆಯದು ಅದೇ ನವೆಂಬರಿನಲ್ಲಿ ಪ್ಯಾರಿಸ್‌ನಲ್ಲಿ.

ಈಗ ತಾಯಿಬೇರಿಗೆ ಬರೋಣ. 2018ರ ಜನವರಿಯಲ್ಲಿ ಗ್ರೆಗರಿ ಮ್ಯಾಕ್ಸ್‌ವೆಲ್ ಅನ್ನೋ ಡೆವಲಪರ್ ಟ್ಯಾಪ್‌ರೂಟ್ ಅನ್ನೋ ಯೋಚನೆಯನ್ನ ಮುಂದಿಟ್ರು. ಇದರ ಜೊತೆಗೆ ಶ್ನೋರ್ ಸಹಿ ಅನ್ನೋ ಇನ್ನೊಂದು ವಿಷಯ ಸೇರ್ಕೊಳ್ತು. ಕ್ಲಾಸ್ ಶ್ನೋರ್ ಅನ್ನೋ ಜರ್ಮನ್ ಗಣಿತಜ್ಞರ ವಿಧಾನ ಅದು. ಅವರು ಅದಕ್ಕೆ ಪೇಟೆಂಟ್ ಪಡೆದಿದ್ರು, ಆ ಪೇಟೆಂಟ್ ಮುಗಿದಿದ್ದು 2008ರಲ್ಲಿ, ಅಂದ್ರೆ ಬಿಟ್‌ಕಾಯಿನ್ ಪ್ರಬಂಧ ಬಂದ ವರ್ಷವೇ. ಬಿಟ್‌ಕಾಯಿನ್ ಶುರುವಾಗಿದ್ದು ಬೇರೆ ಥರದ ಸಹಿಯಿಂದ.

ಇದರಿಂದ ಏನು ಲಾಭ? ನಮ್ಮಮ್ಮನ ಸ್ತ್ರೀಶಕ್ತಿ ಸಂಘದ ಉದಾಹರಣೆ ತಗೊಳ್ಳಿ. ಖಾತೆಯಿಂದ ದುಡ್ಡು ತೆಗೀಬೇಕಾದ್ರೆ ಒಬ್ಬರ ಸಹಿ ಸಾಲದು. ಬಿಟ್‌ಕಾಯಿನ್‌ನಲ್ಲೂ ಹೀಗೆ ಜಂಟಿ ಸಹಿ ಇಡಬಹುದು. ಆದ್ರೆ ಹಳೆ ಪದ್ಧತಿಯಲ್ಲಿ ಒಂದೊಂದು ಸಹಿಯೂ ಎಲ್ಲರಿಗೂ ಕಾಣೋ ಲೆಡ್ಜರ್‌ಗೆ ಬರೆದುಹೋಗುತ್ತೆ. ಜಾಗ ಜಾಸ್ತಿ, ಶುಲ್ಕ ಜಾಸ್ತಿ, ಗುಟ್ಟಂತೂ ಇಲ್ಲವೇ ಇಲ್ಲ. ಶ್ನೋರ್ ಪದ್ಧತಿಯಲ್ಲಿ ಮೂರು ಜನರ ಸಹಿಯನ್ನ ಕೂಡಿಸಿ ಒಂದೇ ಸಹಿ ಮಾಡಬಹುದು. ಗಾತ್ರ 64 ಬೈಟ್. ಹೊರಗಿನವರಿಗೆ ಅದು ಒಬ್ಬರ ಸಹಿಯೋ ಮೂವರದೋ ತಿಳಿಯೋದೇ ಇಲ್ಲ.

ಟ್ಯಾಪ್‌ರೂಟ್ ಇದರ ಮುಂದಿನ ಹೆಜ್ಜೆ. “ಅಧ್ಯಕ್ಷೆ ಊರಲ್ಲಿ ಇಲ್ಲದಿದ್ರೆ ಮೂರು ತಿಂಗಳು ಕಾದು ಉಳಿದಿಬ್ಬರ ಸಹಿ ಸಾಕು” ಅಂತ ಒಂದು ಷರತ್ತು ಇಟ್ಕೊಳ್ಳಿ. ಅಂಥವು ಹತ್ತು ಇರಲಿ. ಎಲ್ಲರೂ ಒಪ್ಪಿ ಸಹಿ ಹಾಕಿದ್ರೆ ಷರತ್ತುಗಳು ಇದ್ದವು ಅನ್ನೋದೇ ಹೊರಗೆ ಬರೋದಿಲ್ಲ. ಒಪ್ಪದಿದ್ರೆ ಬಳಸಿದ ಷರತ್ತನ್ನ ಮಾತ್ರ ತೋರಿಸಿದ್ರೆ ಸಾಕು, ಉಳಿದವು ನೆಲದಡಿಯ ಬೇರಿನ ಹಾಗೆ ಮುಚ್ಚಿಕೊಂಡೇ ಇರುತ್ತವೆ.

ಆಪ್‌ಟೆಕ್ ಇದನ್ನ ಕಲಿಸೋಕೆ ವರ್ಕ್‌ಶಾಪ್ ಇಟ್ಟಿದ್ದು 2019ರ ಸೆಪ್ಟೆಂಬರ್ 24ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 27ಕ್ಕೆ ನ್ಯೂಯಾರ್ಕ್‌ನಲ್ಲಿ. ದಿನಾಂಕ ಗಮನಿಸಿ. ಆಗಿನ್ನೂ ಟ್ಯಾಪ್‌ರೂಟ್ ಬರೀ ಪ್ರಸ್ತಾವ. ಅದಕ್ಕೆ ಅಧಿಕೃತ ನಂಬರ್ ಸಿಕ್ಕಿದ್ದೇ 2020ರ ಜನವರಿಯಲ್ಲಿ: ಬಿಐಪಿ 340, 341, 342. ಅಂದ್ರೆ ಜಾರಿಯಾದ ಮೇಲೆ ತರಬೇತಿ ಕೊಡೋ ಬದಲು, ಜಾರಿ ಆಗಬೇಕೋ ಬೇಡವೋ ಅಂತ ತೀರ್ಮಾನ ಆಗೋ ಮೊದಲೇ ತರಬೇತಿ ಕೊಟ್ರು. ಸೆಗ್‌ವಿಟ್ ಜಗಳದಿಂದ ಕಲಿತ ಪಾಠ ಇದು ಅಂತ ನನಗನ್ನಿಸುತ್ತೆ. ವಾಲೆಟ್, ಎಕ್ಸ್‌ಚೇಂಜ್ ಕಟ್ಟೋ ಇಂಜಿನಿಯರ್‌ಗಳು ಮೊದಲು ಕೈಯಾರೆ ಮಾಡಿ ನೋಡಲಿ, ಎಲ್ಲಿ ತೊಡಕಿದೆ ಹೇಳಲಿ, ಆಮೇಲೆ ಮುಂದಿನ ಮಾತು.

ಆ ಪಾಠದ ವಿಡಿಯೋ, ಸ್ಲೈಡು, ಕೋಡ್ ಎಲ್ಲವನ್ನೂ ಆಮೇಲೆ ನೆಟ್‌ಗೆ ಹಾಕಿದ್ರು. ಇವತ್ತಿಗೂ ಉಚಿತ. ಪೈಥಾನ್‌ನಲ್ಲಿ ಬರೆದ ನೋಟ್‌ಬುಕ್‌ಗಳು. ಅಲ್ಲಲ್ಲಿ ಜಾಗ ಖಾಲಿ ಬಿಟ್ಟಿರ್ತಾರೆ, ನಾವೇ ತುಂಬಬೇಕು, ತಪ್ಪಾದ್ರೆ ಅಲ್ಲೇ ಗೊತ್ತಾಗುತ್ತೆ. ನಾನು ಬಿ.ಕಾಂ., ಪೈಥಾನ್ ಕಲಿತಿದ್ದು ಯೂಟ್ಯೂಬ್ ನೋಡಿ. ಮೊದಲ ಅಧ್ಯಾಯ ಮುಗಿಸೋಕೆ ಮೂರು ರಾತ್ರಿ ಹಿಡೀತು.

ಇಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಸಹಿ ಕೂಡಿಸೋದರಲ್ಲಿರೋ ಒಂದು ಮೋಸದ ದಾರಿ. ಸಂಘದ ಮೂವರಲ್ಲಿ ಕೊನೆಗೆ ಬಂದವಳು ಉಳಿದಿಬ್ಬರ ಕೀ ನೋಡ್ಕೊಂಡು, ಅವು ಲೆಕ್ಕದಲ್ಲಿ ಹೊಡೆದುಹೋಗೋ ಹಾಗೆ ತನ್ನ ಕೀ ತಯಾರು ಮಾಡಿ ಕೊಟ್ರೆ, ಆಮೇಲೆ ಒಬ್ಬಳೇ ಖಾತೆ ಪೂರ್ತಿ ಖಾಲಿ ಮಾಡಬಹುದು. ಸುಮ್ನೆ ಕೂಡಿಸಿದ್ರೆ ಈ ಅಪಾಯ ಇದೆ. ಅದನ್ನ ತಡೆಯೋಕೇ ಮ್ಯೂಸಿಗ್ ಅನ್ನೋ ವಿಧಾನ ಬಂತು, ವರ್ಕ್‌ಶಾಪ್‌ನಲ್ಲಿ ಅದಕ್ಕೇ ಒಂದು ಅಧ್ಯಾಯ. ತಮ್ಮ ಹೊಸ ಪದ್ಧತಿ ಎಲ್ಲಿ ಮುರಿಯಬಹುದು ಅಂತ ತಾವೇ ಯೋಚಿಸಿ, ಅದನ್ನೇ ಪಾಠ ಮಾಡೋದು ನನಗೆ ಹೊಸದು. ಚಿಕ್ಕಪ್ಪ ಹೋದ ಹಾಲ್‌ನಲ್ಲಿ ಒಬ್ಬರು ಎದ್ದು “ದುಡ್ಡು ವಾಪಸ್ ಬರದಿದ್ರೆ?” ಅಂದಾಗ “ನೆಗೆಟಿವ್ ಮಾತಾಡೋರಿಗೆ ಇಲ್ಲಿ ಜಾಗ ಇಲ್ಲ ಸಾರ್” ಅಂದಿದ್ರಂತೆ.

ವರ್ಕ್‌ಶಾಪ್ ಆದ ಮೇಲೆ, 2019ರ ನವೆಂಬರಿನಿಂದ ಆಸ್ಟ್ರೇಲಿಯಾದ ಆಂಥನಿ ಟೌನ್ಸ್ ಏಳು ವಾರದ ಸಾಮೂಹಿಕ ಓದು ನಡೆಸಿದ್ರು. ಪ್ರಸ್ತಾವವನ್ನ ಯಾರು ಬೇಕಾದ್ರೂ ಓದಬಹುದು, ಪ್ರಶ್ನೆ ಕೇಳಬಹುದು. ಪ್ರಶ್ನೆ ಕೇಳಿದ್ರೆ ಉಪಯೋಗ ಉಂಟಾ? ಉಂಟು. 2020ರಲ್ಲಿ ಹಾರ್ಡ್‌ವೇರ್ ವಾಲೆಟ್ ಮಾಡೋ ಕಂಪನಿಯ ಒಬ್ಬ ಇಂಜಿನಿಯರ್ ಒಂದು ಕೊರತೆ ಎತ್ತಿ ತೋರಿಸಿದ್ರು. ನೆಟ್‌ಗೆ ಸೇರದ ಪುಟ್ಟ ಸಾಧನದೊಳಗೆ ಸಹಿ ಹಾಕುವಾಗ, ಖರ್ಚಾಗ್ತಿರೋದರಲ್ಲಿ ತನ್ನ ದುಡ್ಡು ಯಾವುದು, ಬೇರೆಯವರದು ಯಾವುದು ಅಂತ ಅದಕ್ಕೆ ಖಾತ್ರಿ ಆಗಬೇಕಲ್ಲ? ಅದಕ್ಕೆ ಬೇಕಾದ ವಿವರವೂ ಸಹಿಯೊಳಗೇ ಸೇರಲಿ ಅಂದ್ರು. ಪ್ರಸ್ತಾವವನ್ನ ಹಾಗೇ ತಿದ್ದಿದ್ರು.

ಸರಿ, ಅದೇ ಹೊತ್ತಿಗೆ ನಮ್ಮಲ್ಲಿ ಏನಾಗ್ತಿತ್ತು? ಇದು ನನಗೆ ಬೇಜಾರಾಗೋ ಭಾಗ.

ಯುನೊಕಾಯಿನ್ ಗೊತ್ತಲ್ಲ? ದೇಶದ ಹಳೆ ಬಿಟ್‌ಕಾಯಿನ್ ಕಂಪನಿಗಳಲ್ಲಿ ಒಂದು. ಶುರುವಾಗಿದ್ದು 2013ರಲ್ಲಿ, ನಮ್ಮ ತುಮಕೂರಿನಲ್ಲಿ. ಅಂದ್ರೆ ಕನ್ನಡದ ನೆಲಕ್ಕೆ ಈ ವಿಷಯ ಹೊಸದಲ್ಲ. ಆದ್ರೆ 2018ರ ಏಪ್ರಿಲ್ 6ಕ್ಕೆ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಹೇಳ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಯುನೊಕಾಯಿನ್ ಬೆಂಗಳೂರಿನ ಮಾಲ್ ಒಂದರಲ್ಲಿ ಇಟ್ಟಿದ್ದ ಕಿಯೋಸ್ಕನ್ನ ಪೊಲೀಸರು ವಶಪಡಿಸಿಕೊಂಡ್ರು. 2019ರ ಜುಲೈನಲ್ಲಿ ಕೇಂದ್ರದ ಸಮಿತಿಯೊಂದರ ವರದಿ ಹೊರಬಂತು. ಖಾಸಗಿ ಕ್ರಿಪ್ಟೋ ನಿಷೇಧಿಸಿ ಅಂತ ಶಿಫಾರಸು, ಜೊತೆಗಿದ್ದ ಕರಡು ಮಸೂದೆಯಲ್ಲಿ ಹತ್ತು ವರ್ಷದವರೆಗೂ ಜೈಲು.

ಎರಡೇ ತಿಂಗಳ ಅಂತರ ನೋಡಿ. ಜುಲೈನಲ್ಲಿ ಇಲ್ಲಿ ಜೈಲಿನ ಮಾತು, ಸೆಪ್ಟೆಂಬರಿನಲ್ಲಿ ಅಲ್ಲಿ ಕ್ಲಾಸು. ಐಟಿ ರಾಜಧಾನಿ ಅನ್ನಿಸಿಕೊಂಡ ಊರಿನ ಪಕ್ಕದಲ್ಲೇ ಇದ್ದೀವಿ. ಆದ್ರೆ ಆ ವರ್ಷ ಇಲ್ಲಿನ ಕಂಪನಿಗಳಿಗೆ ಬ್ಯಾಂಕ್ ಖಾತೆ ಉಳಿಸ್ಕೊಳ್ಳೋದೇ ದೊಡ್ಡ ಕೆಲಸ. ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನ ರದ್ದು ಮಾಡಿದ್ದು 2020ರ ಮಾರ್ಚ್ 4ಕ್ಕೆ. ರಿಸರ್ವ್ ಬ್ಯಾಂಕಿನ ಭಯಕ್ಕೂ ಕಾರಣ ಇತ್ತು ಅಂತ ಒಪ್ತೀನಿ, ನಮ್ಮ ಮನೆಯಲ್ಲೇ ಅದರ ಸಾಕ್ಷಿ ಇದೆ. ಆದ್ರೆ ಬ್ಯಾಂಕ್ ಬಾಗಿಲು ಮುಚ್ಚಿದ್ದು ಲೆಕ್ಕ ಇಟ್ಟು ವ್ಯವಹಾರ ಮಾಡೋರಿಗೆ. ನಗದು ತಗೊಂಡು ಆ್ಯಪ್ ತೋರಿಸೋರಿಗೆ ಬ್ಯಾಂಕ್ ಯಾಕೆ ಬೇಕು?

ಮುಂದಿನ ಕಥೆ ಬೇಗ ಹೇಳ್ತೀನಿ. 2020ರ ಅಕ್ಟೋಬರಿನಲ್ಲಿ ಟ್ಯಾಪ್‌ರೂಟ್ ಕೋಡ್ ಬಿಟ್‌ಕಾಯಿನ್‌ನ ಮುಖ್ಯ ಸಾಫ್ಟ್‌ವೇರಿಗೆ ಸೇರಿತು. ಈ ಸಲ ನಿಯಮ ಹೀಗಿತ್ತು: ಒಂದು ಅವಧಿ ಅಂದ್ರೆ 2016 ಬ್ಲಾಕ್. ಬ್ಲಾಕಿಗೆ ಹತ್ತು ನಿಮಿಷದ ಲೆಕ್ಕದಲ್ಲಿ ಹದಿನಾಲ್ಕು ದಿನ. ಅದರಲ್ಲಿ ಶೇ. 90ರಷ್ಟು ಬ್ಲಾಕ್‌ಗಳು ‘ಸಿದ್ಧ’ ಅಂತ ಗುರುತು ಹಾಕಬೇಕು. 2021ರ ಜೂನ್ 12ಕ್ಕೆ ಆ ಗೆರೆ ದಾಟಿತು. ಆದ್ರೂ ತಕ್ಷಣ ಜಾರಿ ಮಾಡ್ಲಿಲ್ಲ, ಎಲ್ಲರೂ ತಯಾರಾಗಲಿ ಅಂತ ಐದು ತಿಂಗಳು ಬಿಟ್ರು. 2021ರ ನವೆಂಬರ್ 14, ಬ್ಲಾಕ್ ನಂಬರ್ 709632. ಟ್ಯಾಪ್‌ರೂಟ್ ಜಾರಿ. ಈ ಸಲ ಸಿಡಿದು ಬೇರೆ ಕಾಯಿನ್ ಮಾಡ್ಕೊಂಡವರು ಯಾರೂ ಇಲ್ಲ.

ಆ ನವೆಂಬರ್ ನಿಮಗೆ ನೆನಪಿದೆಯಾ? ಕರ್ನಾಟಕದ ಎಲ್ಲಾ ನ್ಯೂಸ್ ಚಾನೆಲ್‌ನಲ್ಲೂ ಒಂದೇ ಪದ: ಬಿಟ್‌ಕಾಯಿನ್. ಹಿಂದಿನ ವರ್ಷ ಬೆಂಗಳೂರಿನಲ್ಲಿ ಒಬ್ಬ ಹ್ಯಾಕರ್ ಸಿಕ್ಕಿಬಿದ್ದಿದ್ದ ಕೇಸು ದೊಡ್ಡ ರಾಜಕೀಯ ಜಗಳ ಆಗಿ ಬೆಳೆದಿತ್ತು. ನಮ್ಮ ತಂದೆ ಊಟ ಮಾಡ್ತಾ ಟಿವಿ ನೋಡ್ಕೊಂಡು, “ಲೋ, ಈ ಬಿಟ್‌ಕಾಯಿನ್ ಅಂದ್ರೆ ಏನೋ ಅದು?” ಅಂದ್ರು. “ಕಂಪ್ಯೂಟರ್ ದುಡ್ಡು ಬಿಡಪ್ಪ” ಅಂದೆ. ಪಕ್ಕದಲ್ಲಿ ಚಿಕ್ಕಪ್ಪನೂ ಕೂತಿದ್ರು. ಮೂರು ತಿಂಗಳಾಗೋದರೊಳಗೆ ಅವರು ಆ ಹಾಲ್‌ಗೆ ಹೋದ್ರು. ಅವತ್ತು ನಾನು ಅರ್ಧ ಗಂಟೆ ಕೂತು ವಿವರಿಸಿದ್ರೆ ಏನಾದ್ರೂ ಬದಲಾಗ್ತಿತ್ತಾ? ಗೊತ್ತಿಲ್ಲ. ಆದ್ರೆ ನಾವು ಕನ್ನಡದಲ್ಲಿ ಹೇಳದೆ ಬಿಟ್ಟ ಜಾಗವನ್ನ ಕೋಟು ಹಾಕಿದವರು ಕನ್ನಡದಲ್ಲೇ ಬಂದು ತುಂಬಿದ್ರು.

ಇಷ್ಟೆಲ್ಲಾ ಹೊಗಳಿದೆ, ಹಾಗಂತ ಆ ವರ್ಕ್‌ಶಾಪ್‌ಗಳಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ಕೋಡ್ ಎಲ್ಲರಿಗೂ ಸಿಗುತ್ತೆ, ಸರಿ. ಆದ್ರೆ ಅಮೆರಿಕದ ಎರಡು ಊರಿನಲ್ಲಿ ಕುರ್ಚಿ ಸಿಕ್ಕವರ ಪ್ರಶ್ನೆಗೂ, ನಡುರಾತ್ರಿ ನಲ್ಲೂರಿನಲ್ಲಿ ವಿಡಿಯೋ ನೋಡೋನ ಪ್ರಶ್ನೆಗೂ ಒಂದೇ ತೂಕ ಇರುತ್ತಾ? ಇನ್ನೊಂದು: ಅಷ್ಟು ಜನ ಕೂತು ಯೋಚಿಸಿದ್ರೂ ಮುಂದೆ ಆಗೋದೆಲ್ಲ ಕಾಣಲಿಲ್ಲ. 2023ರ ಜನವರಿಯಲ್ಲಿ ಆರ್ಡಿನಲ್ಸ್ ಬಂತು. ಟ್ಯಾಪ್‌ರೂಟ್ ದಾರಿ ಬಳಸಿ ಜನ ಲೆಡ್ಜರ್‌ಗೆ ಫೋಟೋ, ಮೀಮು ಎಲ್ಲಾ ತುರುಕೋಕೆ ಶುರು ಮಾಡಿದ್ರು. ಅದರ ಬೆನ್ನಿಗೆ ಹುಟ್ಟಿದ ಟೋಕನ್‌ಗಳ ಗಲಾಟೆಯಲ್ಲಿ ಆ ಮೇ ತಿಂಗಳು ಶುಲ್ಕ ವಿಪರೀತ ಏರಿತು. ಇದು ಸರಿಯೋ ತಪ್ಪೋ ಅನ್ನೋ ಜಗಳ ಇನ್ನೂ ನಿಂತಿಲ್ಲ.

ಕೊನೆಗೆ ದುಡ್ಡಿನ ಮಾತು. ‘ಅಪ್‌ಗ್ರೇಡ್ ಆದ್ರೆ ಹತ್ತು ಪಟ್ಟು’ ಅಂತಾರಲ್ಲ? ಟ್ಯಾಪ್‌ರೂಟ್ ಜಾರಿಯಾದ ದಿನ ಒಂದು ಬಿಟ್‌ಕಾಯಿನ್ ಬೆಲೆ 60 ಸಾವಿರ ಡಾಲರ್‌ಗೂ ಮೇಲಿತ್ತು. ಸರಿಯಾಗಿ ಒಂದು ವರ್ಷಕ್ಕೆ 17 ಸಾವಿರಕ್ಕೂ ಕೆಳಗೆ ಬಂತು. ಪ್ರಪಂಚದ ಜಾಣರೆಲ್ಲ ನಾಲ್ಕು ವರ್ಷ ಕೂತು ಮಾಡಿದ ಅಪ್‌ಗ್ರೇಡ್ ಕೂಡ ಬೆಲೆಯನ್ನ ಹಿಡಿದು ನಿಲ್ಲಿಸಲಿಲ್ಲ. ಸಹಿ ಹಾಕೋ ಪದ್ಧತಿ ಸುಧಾರಿಸೋದೇ ಬೇರೆ, ಹೂಡಿಕೆ ಲಾಭ ಕೊಡೋದೇ ಬೇರೆ. ಈ ಎರಡನ್ನೂ ಒಂದೇ ಬಾಯಲ್ಲಿ ಹೇಳೋರು ಸಿಕ್ಕಿದ್ರೆ ಜೇಬು ಮುಟ್ಟಿ ನೋಡ್ಕೊಳ್ಳಿ.

ಹೋದ ವಾರ ಈ ಎಪಿಸೋಡ್ ಬಗ್ಗೆ ಚಿಕ್ಕಪ್ಪನ ಹತ್ರ ಹೇಳಿದೆ. ಇದೇ ತೋಪಿನಲ್ಲಿ ನಡೀತಾ ಇದ್ವಿ. ಅವರ ಪ್ರಶ್ನೆಗೆ ನಾಲ್ಕು ವರ್ಷ ತಡವಾಗಿ ಉತ್ತರ ಕೊಟ್ಟೆ: “ಚಿಕ್ಕಪ್ಪ, ಕಳ್ಳರೂ ಪಾಠ ಹೇಳ್ಕೊಡ್ತಾರೆ. ಆದ್ರೆ ಪಾಠದ ಪುಸ್ತಕ ಮನೆಗೆ ಕೊಡಲ್ಲ. ತಮ್ಮ ಲೆಕ್ಕ ಎಲ್ಲಿ ತಪ್ಪಬಹುದು ಅಂತ ಹೇಳಲ್ಲ. ಕ್ಲಾಸ್ ಮುಗಿಯೋ ಹೊತ್ತಿಗೆ ದುಡ್ಡು ಕೇಳ್ತಾರೆ.”

ಅವರು ಸ್ವಲ್ಪ ಹೊತ್ತು ಸುಮ್ನಿದ್ರು. ಒಂದು ಹಳೆ ಮರದ ಹತ್ರ ನಿಂತು, ಕಾಂಡದ ಪೊಳ್ಳಿನೊಳಗೆ ಬಗ್ಗಿ ನೋಡಿ, “ಇದನ್ನೂ ಹಿಂಗೇ ಸುತ್ತು ಹಾಕಿ ನೋಡ್ಬೇಕಿತ್ತು ಅಂತೀಯ” ಅಂದ್ರು. ಆಮೇಲೆ ಕೇಳಿದ್ರು, “ಆ ಪುಸ್ತಕ ಕನ್ನಡದಲ್ಲಿ ಐತಾ?”

ಇಲ್ಲ. ಇನ್ನೂ ಇಲ್ಲ. ಮೊದಲ ಅಧ್ಯಾಯವನ್ನ ನಾನು ಕನ್ನಡದಲ್ಲಿ ಬರೆಯೋಕೆ ಶುರು ಮಾಡಿದ್ದೀನಿ, ಸ್ತ್ರೀಶಕ್ತಿ ಸಂಘದ ಮೂರು ಸಹಿಯ ಉದಾಹರಣೆ ಇಟ್ಕೊಂಡೇ. ಪೈಥಾನ್ ಗೊತ್ತಿರೋರು, ಗಣಿತ ಗೊತ್ತಿರೋರು ಯಾರಾದ್ರೂ ಕೇಳ್ತಿದ್ರೆ ಕೈಜೋಡಿಸಿ. ತಪ್ಪು ಸಿಕ್ಕಿದ್ರೆ ಮುಲಾಜಿಲ್ಲದೆ ಹೇಳಿ, ಅದಕ್ಕೇ ಅಲ್ವಾ ವರ್ಕ್‌ಶಾಪ್ ಅನ್ನೋದು.

ಮುಂದಿನ ಎಪಿಸೋಡಿನಲ್ಲಿ ಸಿಗೋಣ. ಅಲ್ಲಿಯವರೆಗೂ ಹುಷಾರು. ನಮಸ್ಕಾರ.